ಎಂಟನೆಯ ಬೋಲ್ಟು

ಜಾರಿತು, ಮತ್ತೆ ಜಾರಿತು, ಬೆರಳ ಗೆಣ್ಣು ಹೋಗಿ ಹಿಂದಿನ ತಗಡಿಗೆ ಬಡಿಯಿತು, ಅದೇ ಗೆಣ್ಣು, ಅದೇ ತಗಡು – ಮೊದಲು ಸದ್ದು, ಆಮೇಲೆ ನೋವು, ಆಮೇಲೆ ಗಾಯದೊಳಗೆ ಸೀಮೆಎಣ್ಣೆ ಇಳಿದ ಉರಿ, ಮೂರೂ ಒಂದರ ಹಿಂದೆ ಒಂದು, ಈ ಊರಿನಲ್ಲಿ ನೋವು ಕೂಡ ಸರತಿಯ ಸಾಲಿನಲ್ಲೇ ಬರಬೇಕು, ಕೊನೆಯವರು ಯಾರಪ್ಪಾ ಅಂತ ವಿಚಾರಿಸಿಕೊಂಡು ನಿಲ್ಲಬೇಕು, ಬ್ರೆಡ್ಡಿಗೆ ನಿಂತ ಹಾಗೆ. ಕಣ್ಣೊಳಗೆ ಬೆವರು. ಬೆವರಿನ ಆಚೆ ಅದು ಮಿಂಚುತ್ತಿದೆ, ಗುಂಡಗೆ, ಒದ್ದೆಯಾಗಿ, ಆರು ಮೂಲೆ ಇರಬೇಕಾದ ಕಡೆ ಒಂದೂ ಇಲ್ಲದೆ, ಬೋಲ್ಟಲ್ಲ ಇದು, ಬೋಳ್ಟು – ತಮ್ಮ ಓಸ್ಮಾನಿ ಇದ್ದಿದ್ದರೆ ನಗುತ್ತಿದ್ದ, ಇಲ್ಲ, ನಗುತ್ತಿರಲಿಲ್ಲ, ಪ್ರೊಫೆ, ನಿನ್ನ ಜೋಕಿಗೂ ಹಿಡಿತ ಇಲ್ಲ, ನಿನ್ನ ಸ್ಪ್ಯಾನರಿಗೂ ಹಿಡಿತ ಇಲ್ಲ ಅನ್ನುತ್ತಿದ್ದ. ಇದ್ದಿದ್ದರೆ ಅಂತ ಯಾಕೆ ಅಂದುಕೊಂಡೆ. ಇದ್ದಾನೆ. ಇಲ್ಲಿ ಇದ್ದಿದ್ದರೆ ಅಂತ ನನ್ನ ಅರ್ಥ, ಈ ಬೆಣ್ಣೆಹಣ್ಣಿನ ಮರದ ಕೆಳಗೆ, ನನ್ನ ಪಕ್ಕದಲ್ಲಿ, ಸರಪಳಿ ಹಿಡಿದುಕೊಂಡು. ಇದ್ದಾನೆ. ಕೈ ಒರೆಸಿಕೊ ಎವೆಲಿಯೊ. ಹತ್ತೂವರೆ ಈಗ, ಎರಡರ ತನಕ ಹೊತ್ತಿದೆ, ಮೂರೂವರೆ ಗಂಟೆ, ಒಂದು ಬೋಲ್ಟಿಗೆ ಮೂರೂವರೆ ಗಂಟೆ ಅಂದರೆ ಒಬ್ಬ ಮನುಷ್ಯ ಎಷ್ಟೊಂದು ಸಲ ಜಾರಬಹುದು. ಹೊಟ್ಟೆಯನ್ನು ಮಡ್‌ಗಾರ್ಡಿನ ಮೇಲೆ ಊರಿ, ಕಾಲನ್ನು ಗಾಳಿಯಲ್ಲಿ ಬಿಟ್ಟು ಬಾಗಿದ್ದೇನೆ, ಅಪ್ಪನ ಐವತ್ತೊಂದರ ಶೆವ್ರೊಲೆ ನನ್ನನ್ನು ಸೊಂಟದ ತನಕ ನುಂಗಿದೆ, ದಾರಿಹೋಕರಿಗೆ ಕಾಣುವುದು ನನ್ನ ಕುಂಡೆ ಮಾತ್ರ, ಸೈಕಲ್ಲಿನವನೊಬ್ಬ ಆಗಲೇ ಕೂಗಿ ಹೋದ, ಪ್ರೊಫೆ, ಇವತ್ತು ಮುಖ ಯಾಕೋ ಊದಿಕೊಂಡಿದೆಯಲ್ಲ ಅಂತ. ಬೇರೆ ದಿನವಾಗಿದ್ದರೆ ಅವನಿಗೊಂದು ಕೊಡುತ್ತಿದ್ದೆ. ಇವತ್ತು ಬಾಯಲ್ಲಿ ಟಾರ್ಚಿದೆ.

ಎಂಟು ಬೋಲ್ಟು. ಏಳು ಬಂದವು, ಏಳೂ ಹಾಲಿನ ಡಬ್ಬಿಯಲ್ಲಿ ಸೀಮೆಎಣ್ಣೆ ಕುಡಿದು ಮಲಗಿವೆ. ಎಂಟನೆಯದು ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಹಿಂದೆ, ಇಂಜಿನ್ನಿಗೂ ತಗಡಿಗೂ ನಡುವೆ ನಾಲ್ಕು ಬೆರಳು ಹಿಡಿಯುವಷ್ಟು ಸಂದಿಯಲ್ಲಿ, ಕೈ ಹೋದರೆ ಕಣ್ಣು ಹೋಗುವುದಿಲ್ಲ, ಕಣ್ಣು ಹೋದರೆ ಕೈ ಹೋಗುವುದಿಲ್ಲ. ಇಂಜಿನ್ ಕಾರಿನದೇ ಅಲ್ಲ, ದೋಣಿಯದು, ಆರು ವರ್ಷದ ಹಿಂದೆ, ಎಂಬತ್ತೆಂಟರಲ್ಲಿ, ಗುಜರಿಗೆ ಬಿದ್ದ ಮೀನುದೋಣಿಯಿಂದ ಕಿತ್ತ ಡೀಸೆಲ್ಲು, ನಾನು ಮತ್ತು ಓಸ್ಮಾನಿ ಇದೇ ಮರದ ಇದೇ ಕೊಂಬೆಗೆ ಇದೇ ಸರಪಳಿ ಕಟ್ಟಿ ಇಳಿಸಿ ಕೂರಿಸಿದ್ದು, ಅವನಿಗಾಗ ಹದಿನೆಂಟು, ನನಗೆ ಮೂವತ್ತೈದು, ತಮ್ಮ ಅನ್ನುವುದಕ್ಕಿಂತ ಮಗ ಅನ್ನುವುದಕ್ಕೇ ಹತ್ತಿರ. ದೋಣಿಯ ಇಂಜಿನ್ನಿಗೂ ಅಮೆರಿಕದ ಗೇರ್‌ಬಾಕ್ಸಿಗೂ ಎಲ್ಲಿಯ ನೆಂಟಸ್ತಿಕೆ, ನಡುವೆ ಒಂದು ದಪ್ಪ ಉಕ್ಕಿನ ತಟ್ಟೆ ಕೊರೆಸಿ ಮದುವೆ ಮಾಡಿಸಿದೆವು, ಆ ತಟ್ಟೆಗೆ ಈ ಎಂಟು ಬೋಲ್ಟು, ಅಪ್ಪನ ತಗಡಿನ ಡಬ್ಬಿಯಲ್ಲಿ ಉಳಿದಿದ್ದ ಅಮೆರಿಕದ ಬೋಲ್ಟು, ಅರ್ಧ ಇಂಚಿನ ತಲೆ. ಗೇರ್‌ಬಾಕ್ಸ್ ಸಮೇತ ಎತ್ತಿಬಿಡೋಣ ಅಂತ ದೋಣಿಯ ಮುದುಕ ರುಫೀನೊ ಬೆಳಗ್ಗೆ ಅಂದ, ಎತ್ತಬಹುದಿತ್ತು, ಅಪ್ಪ ಗೇರ್‌ಬಾಕ್ಸನ್ನು ಚಾಸಿಗೇ ವೆಲ್ಡ್ ಮಾಡಿ ಸ್ವರ್ಗಕ್ಕೆ ಹೋಗದಿದ್ದರೆ. ನಮ್ಮ ಮನೆಯಲ್ಲಿ ಯಾರೂ ಯಾವುದನ್ನೂ ಬಿಟ್ಟುಹೋಗದಂತೆ ನೋಡಿಕೊಳ್ಳುವ ಚಾಳಿ ಅಪ್ಪನಿಂದಲೇ ಬಂತು. ಅಣ್ಣ, ಒಳಗೆ ಹೋಗಿ ಅಪ್ಪನ ಸ್ಪ್ಯಾನರ್ ತರ್ಲಾ ಅಂತ ಓಸ್ಮಾನಿ ಆಗ ಕೇಳಿದ್ದ, ಅರ್ಧ ಇಂಚಿಂದು ಅಲ್ಲೇ ಇದೆ ಅಂತ. ಬೇಡ ಬಿಡೊ, ಹದಿಮೂರು ಸಾಕು ಅಂದೆ. ಸೋವಿಯತ್ ದೇಶದಿಂದ ಬಂದ ಸ್ಪ್ಯಾನರ್ ಸೆಟ್ಟು, ಡಿಪ್ಲೊಮಾ ಮುಗಿಸಿದಾಗ ನನಗೆ ಬಹುಮಾನ ಕೊಟ್ಟದ್ದು, ಮಿಲಿಮೀಟರಿನದು. ಅರ್ಧ ಇಂಚು ಅಂದರೆ ಹನ್ನೆರಡು ಪಾಯಿಂಟ್ ಏಳು, ಹದಿಮೂರು ಅಂದರೆ ಹದಿಮೂರು, ನಡುವೆ ಮೂರು ಕೂದಲೆಳೆ, ಇಡೀ ದ್ವೀಪವೇ ಆ ಮೂರು ಎಳೆಯ ಸಂದಿನಲ್ಲಿ ಸಂಸಾರ ಮಾಡುತ್ತಿದೆ, ಅಮೆರಿಕದ ಬೋಲ್ಟಿಗೆ ರಷ್ಯದ ಸ್ಪ್ಯಾನರ್ ಹಾಕಿ ಎಲ್ಲರೂ ಎಳೆಯುತ್ತಿದ್ದಾರೆ, ಒಂದು ಸಲ ಬರುತ್ತದೆ, ಎರಡು ಸಲ ಬರುತ್ತದೆ. ನಾನು ಮಾಧ್ಯಮಿಕ ಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಕಲಿಸುತ್ತಿರುವುದು ತಾಂತ್ರಿಕ ಚಿತ್ರಕಲೆ, ಊರಿಗೆಲ್ಲ ಪ್ರೊಫೆ, ಅಂದರೆ ಮೇಷ್ಟ್ರು, ಆದದ್ದು ಅದಕ್ಕೇ. ಮಕ್ಕಳೇ, ಷಡ್ಭುಜದ ಬಾಹುಗಳನ್ನು ಹೆಚ್ಚಿಸುತ್ತ ಹೋದರೆ ಅದು ಕೊನೆಗೆ ವೃತ್ತವನ್ನು ಸಮೀಪಿಸುತ್ತದೆ. ಹೆಚ್ಚಿಸಬೇಕಾಗಿಲ್ಲ ಮಕ್ಕಳೇ. ತಪ್ಪು ಸ್ಪ್ಯಾನರ್ ಹಾಕಿ ಒಮ್ಮೆ ಜೋರಾಗಿ ಎಳೆಯಿರಿ, ಸಮೀಪಿಸುವುದೇನು, ವೃತ್ತವೇ ಆಗುತ್ತದೆ. ಇವತ್ತು ಬೆಳಗ್ಗೆ ಏಳು ಬೋಲ್ಟಿಗೂ ಹದಿಮೂರನ್ನೇ ಹಾಕಿದೆ, ಬೇರೆ ಇರಲಿಲ್ಲ, ಏಳೂ ಬಂದವು, ಏಳು ಸಲ ತಪ್ಪು ಮಾಡಿ ಏಳು ಸಲ ಪಾರಾದವನಿಗೆ ಎಂಟನೆಯ ಸಲ ಎಚ್ಚರ ಎಲ್ಲಿಂದ ಬರಬೇಕು. ಎಂಟನೆಯದಕ್ಕೆ ಹಾಕಿದೆ, ಕಾಲನ್ನು ಬಂಪರಿಗೆ ಕೊಟ್ಟು ಎಳೆದೆ, ಚರಕ್ ಅಂದಿತು. ಮೂಲೆಗಳು ಹೋದ ಸದ್ದು. ಅಪ್ಪನ ಅರ್ಧ ಇಂಚಿನ ಸ್ಪ್ಯಾನರ್ ಈಗ ಎಲ್ಲಿದೆ ಅಂತ ಮಾತ್ರ ಯೋಚಿಸಬೇಡ. ಹನ್ನೆರಡರದನ್ನು ತೆಗೆದುಕೊ, ಬಾಯಿಯನ್ನು ಅರದಿಂದ ಸ್ವಲ್ಪ ಸವೆಸು, ಸುತ್ತಿಗೆಯಿಂದ ಹೊಡೆದು ಕೂರಿಸು, ಬಿಗಿಯಾಗಿ ಕೂತರೆ ಹಿಡಿಯಬಹುದು, ಹಿಡಿಯುತ್ತದೆ.

ಅಮ್ಮನ ರೇಡಿಯೊ ಹೆಸರು ಓದುತ್ತಿದೆ. ಆಚೆ ದಡದ, ಅಮೆರಿಕದ ಸ್ಟೇಷನ್ನು, ಸಮುದ್ರದಲ್ಲಿ ಜೀವಂತ ಸಿಕ್ಕವರ ಹೆಸರನ್ನು ಒಬ್ಬ ಹೆಂಗಸು ಓದುತ್ತಾಳೆ, ಮದುವೆಯಲ್ಲಿ ಉಡುಗೊರೆ ಕೊಟ್ಟವರ ಹೆಸರು ಓದಿದ ಹಾಗೆ, ನಿಧಾನವಾಗಿ, ಮೂಗಿನಿಂದ, ಅವಳ ಹಾಗೆ ನಾನೂ ಓದಬಲ್ಲೆ, ಯಾರ ಹಾಗೆ ಬೇಕಾದರೂ ಮಾತಾಡಬಲ್ಲೆ, ನಾನು ಹೇಳಿಕೊಟ್ಟದ್ದರಲ್ಲಿ ಓಸ್ಮಾನಿ ಸರಿಯಾಗಿ ಕಲಿತದ್ದೂ ಅದೊಂದೇ. ಅಮ್ಮ ವರಾಂಡದ ತೂಗುಕುರ್ಚಿಯಲ್ಲಿ, ಮಡಿಲಲ್ಲಿ ರೇಡಿಯೊ, ಸೆಲ್ಲುಗಳನ್ನು ಬೆಳಗ್ಗೆಯಿಂದ ಕಿಟಕಿಯ ಬಿಸಿಲಿಗೆ ಇಟ್ಟು ಕಾಯಿಸಿ ಹಾಕಿದ್ದಾಳೆ. ಎವೆಲಿಯೊ, ಓ ಅಕ್ಷರ ಹೋಯ್ತಾ? ಅವ್ರು ಅಕ್ಷರದ ಪ್ರಕಾರ ಓದಲ್ಲಮ್ಮ. ಮತ್ತೆ ಹ್ಯಾಗೆ ಓದ್ತಾರೆ? ಸಿಕ್ಕ ಪ್ರಕಾರ. ಸರಿ, ಹಂಗಾದ್ರೆ ಇನ್ನೂ ಟೈಮಿದೆ. ಸಕ್ಕರೆ ನೀರು ತಂದು ಮಡ್‌ಗಾರ್ಡಿನ ಮೇಲೆ ಇಟ್ಟು ಹೋದಳು, ಇವತ್ತಿನ ಊಟ ಅದು, ನಿನ್ನೆಯದೂ. ನಿನ್ನೆ ಬೆಳಗ್ಗೆ ಓಸ್ಮಾನಿ ತೆಪ್ಪದಲ್ಲಿ ಅಮೆರಿಕದ ಕಡೆ ಹೊರಟ, ಲಾರಿ ಟ್ಯೂಬು ಮೂರು, ಅಮ್ಮನ ಕಬ್ಬಿಣದ ಮಂಚದ ಚೌಕಟ್ಟು, ಎರಡು ಹುಟ್ಟು, ಅವನು ಮತ್ತು ಅವನ ಗೆಳೆಯ ಬೆರ್ತೊ. ಈಗ ತಡೆಯುವವರಿಲ್ಲ, ಹೋಗುವವರು ಹೋಗಬಹುದು ಅಂತ ಸರ್ಕಾರವೇ ಅಂದಮೇಲೆ ಇಡೀ ಆಗಸ್ಟ್ ತಿಂಗಳು ನಮ್ಮ ಕೊಹೀಮಾರಿನ ದಂಡೆಯಲ್ಲಿ ಬಡಗಿಗಳ ಜಾತ್ರೆ, ಹಗಲು ಹೊತ್ತಿನಲ್ಲೇ, ಮನೆಯ ಬಾಗಿಲು ಕಿತ್ತು ತಂದವರು, ನೀರಿನ ಡ್ರಮ್ಮು ತಂದವರು, ನೋಡಲು ಬಂದವರು, ಚಪ್ಪಾಳೆ ತಟ್ಟುವವರು. ಇವತ್ತು ಬೆಳಗ್ಗೆ ಆರಕ್ಕೆ ಬೆರ್ತೊ ಒಬ್ಬನೇ ಬಂದ, ಹೆದರಿ ಹಿಂತಿರುಗುತ್ತಿದ್ದ ಬೇರೆ ಯಾರದೋ ತೆಪ್ಪ ಅವನನ್ನು ಎತ್ತಿಕೊಂಡಿತಂತೆ, ತುಟಿ ಬಿರಿದು ಉಪ್ಪಾಗಿತ್ತು. ಚೌಕಟ್ಟು ಬಿಟ್ಕೊಂಡ್ಬಿಡ್ತು ಪ್ರೊಫೆ, ಟ್ಯೂಬು ಒಂದೊಂದ್ ಕಡೆ ಹೋಯ್ತು, ನಾನೊಂದು ಹಿಡ್ಕೊಂಡೆ, ಅವ್ನೊಂದು ಹಿಡ್ಕೊಂಡ, ದಡದ್ಮೇಲೆ ಗ್ವಾನಾಬೊದ ಗುಡ್ಡ ಕಾಣ್ತಿತ್ತು, ಅಷ್ಟು ಹತ್ರ, ಕೂಗಿದ್ರೆ ಕೂಗ್ತಿದ್ದ. ಆಮೇಲೆ? ಆಮೇಲೆ ನಾನು ಕೂಗ್ತಿದ್ದೆ. ಗಡಿ ಕಾವಲಿನವರ ಹತ್ತಿರ ಓಡಿದೆ, ಅವರು ಬರೆದುಕೊಂಡರು, ಹೆಸರು, ವಯಸ್ಸು, ಅಂಗಿಯ ಬಣ್ಣ, ಕೂದಲು? ಇಲ್ಲ. ಇಲ್ಲ ಅಂದ್ರೆ? ಬೋಳು, ಮೊನ್ನೆ ಬೋಳಿಸ್ಕೊಂಡ. ಬರೆಯುತ್ತಿದ್ದವನು ತಲೆಯೆತ್ತಿ ನೋಡಿದ, ಹಂಗಾದ್ರೆ ದೂರದಿಂದ ಕಾಣತ್ತೆ ಬಿಡಿ, ಮಿಂಚತ್ತೆ. ಸಮಾಧಾನಕ್ಕೇ ಹೇಳಿದ ಅವನು, ಪಾಪ.

ಇಂಜಿನ್ ಇದ್ದ ದೋಣಿಗಳೆಲ್ಲ ಈ ತಿಂಗಳು ಉತ್ತರಕ್ಕೆ ಹೋದವು, ಹೋಗಿ ಬರುತ್ತೇನೆ ಅಂದ ದೋಣಿಗಳು ಹೋದವು, ಬರಲಿಲ್ಲ. ಉಳಿದಿರುವುದು ರುಫೀನೊನದು, ಇಂಜಿನ್ ಕಳೆದುಕೊಂಡು ಮೂರು ವರ್ಷದಿಂದ ಕೋಳಿಗಳಿಗೆ ಮನೆಯಾಗಿದ್ದದ್ದು. ಅವನಿಗೆ ಎಪ್ಪತ್ತೊಂದು, ಚುಟ್ಟಾ ತುಂಡನ್ನು ಬಾಯಿಂದ ತೆಗೆಯದೆ ಮಾತಾಡುತ್ತಾನೆ, ಅರ್ಧ ಮಾತು ಚುಟ್ಟಾದೊಳಗೇ ಸುಟ್ಟುಹೋಗುತ್ತದೆ, ಮಿಕ್ಕಿದ್ದನ್ನು ನಾವು ಊಹಿಸಬೇಕು – ನೀವ್ ಮಧ್ಯಾನ ಎಲ್ಡ್ ಗಂಟ್ಯೊಳ್ಗೆ ಇಂಜಿನ್ ಕೊಟ್ರೆ, ಕೂರ್ಸಾಕೆ ಎಲ್ಡ್ ಗಂಟೆ, ನಾಕಕ್ಕೆ ಹೊಂಟ್ರೆ ಬೆಳಕಿರಗಂಟ ಹುಡುಕ್ಬೋದು. ಆಮ್ಯಾಕೆ ಹೊಳೆ ಎತ್ಕಂಡ್ ಹೋಯ್ತದೆ ಪ್ರೊಫೆ. ಹೊಳೆ ಅಂದರೆ ಕಡಲಿನೊಳಗೆ ಹರಿಯುವ ಹೊಳೆ, ದಡದಿಂದ ಎರಡು ಹರದಾರಿಗೆ ಶುರು, ಅದಕ್ಕೆ ಸಿಕ್ಕರೆ ಸಿಕ್ಕಿತು. ನಮ್ಮ ಮಾತಿನಲ್ಲಿ ಆ ಹೊಳೆಗೂ ಕರೆಂಟ್ ಅಂತಲೇ ಹೆಸರು, ಮನೆಯ ಕರೆಂಟ್ ಬೆಳಗ್ಗೆ ಎರಡು ಗಂಟೆ ರಾತ್ರಿ ಎರಡು ಗಂಟೆ, ಸಮುದ್ರದ ಕರೆಂಟ್ ಮಾತ್ರ ಒಂದು ದಿನ ತಪ್ಪಿಲ್ಲ ನೋಡು ಅಂತ ಓಸ್ಮಾನಿ ಹೇಳಿ ದಂಡೆಯವರನ್ನೆಲ್ಲ ನಗಿಸಿದ್ದ. ವೆಲ್ಡಿಂಗ್ ಮೆಷಿನ್ ಇರುವವನ ಹತ್ತಿರ ಒಂಬತ್ತೂವರೆಗೇ ಹೋಗಿದ್ದೆ, ಬೋಳು ತಲೆಯ ಮೇಲೆ ಒಂದು ನಟ್ಟು ಇಟ್ಟು ಬೆಸೆದರೆ ಕ್ಷಣದಲ್ಲಿ ಬರುತ್ತದೆ. ಬರ್ತೀನಿ ಪ್ರೊಫೆ, ಮೆಷಿನ್ನೂ ತರ್ತೀನಿ, ಕರೆಂಟ್ ನೀವ್ ತರ್ತೀರಾ? ಸಂಜೆ ಆರಕ್ಕೆ ಬರುತ್ತದಂತೆ ಕರೆಂಟು. ಗ್ಯಾಸ್ ಟಾರ್ಚ್ ಇರುವವನ ಹತ್ತಿರ ಗ್ಯಾಸಿಲ್ಲ. ಹನ್ನೆರಡರ ಸ್ಪ್ಯಾನರ್ ಕೂತಿತು, ಬಿಗಿಯಾಗಿ ಕೂತಿತು, ಸುತ್ತಿಗೆಯಿಂದ ಮೂರು ಏಟು, ಈಗ ಎಳೆ, ನಿಧಾನ, ಮೈಭಾರವನ್ನೆಲ್ಲ ಹಾಕಿ, ಬರುತ್ತಿದೆ ಅನಿಸಿತು, ಬರುತ್ತಿದೆ, ಸ್ಪ್ಯಾನರಿನ ಬಾಯಿ ಅಗಲವಾಗುತ್ತಿದೆ, ಬರುತ್ತಿರುವುದು ಅದು. ಜಾರಿತು. ಗೆಣ್ಣು, ಟಕ್. ಕೊನೆಯವರು ಯಾರಪ್ಪಾ.

ಬೆಳಗ್ಗೆ ರುಫೀನೊ ಇನ್ನೊಂದು ಮಾತು ಕೇಳಿದ, ಕೇಳಬೇಕಂತ ಕೇಳಲಿಲ್ಲ, ಸುಮ್ಮನೆ, ಇಂಜಿನ್ನಿನ ಕಡೆ ಬಗ್ಗಿ ನೋಡುತ್ತ – ಅಲ್ಲಾ ಪ್ರೊಫೆ, ಈ ಬೋಲ್ಟು ಬರಾಕಿಲ್ಲ ಅಂತ ನೀವ್ ಅವತ್ತೇ ಹೇಳಿದ್ರಂತಲ್ಲ, ಇವತ್ತು ಹೆಂಗ್ ಬತ್ತದೆ? ಪ್ರಯತ್ನ ಮಾಡ್ತೀನಿ ತಾತ ಅಂದೆ. ಪ್ರಯತ್ನ. ಹೋದ ಭಾನುವಾರ ಓಸ್ಮಾನಿ ಇದೇ ಮಡ್‌ಗಾರ್ಡಿಗೆ ಒರಗಿ ನಿಂತಿದ್ದ, ಪ್ರೊಫೆ ಅನ್ನಲಿಲ್ಲ, ಅಣ್ಣ ಅಂದ, ಅವನು ಅಣ್ಣ ಅಂದಾಗಲೇ ನಾನು ಕಿವಿ ಕೊಡಬೇಕಿತ್ತು. ಅಣ್ಣ, ಇಂಜಿನ್ ಕೊಡು. ತೆಪ್ಪಕ್ಕಾ? ತೆಪ್ಪಕ್ಕಲ್ಲ, ರುಫೀನೊ ತಾತನ ದೋಣಿಗೆ, ಅವನೇ ನಡೆಸ್ತಾನಂತೆ, ನಮ್ಮಿಬ್ಬರನ್ನ ಆ ಕಡೆಯ ಹಡಗಿನವ್ರಿಗೆ ಒಪ್ಪಿಸಿ ದೋಣಿ ವಾಪಸ್ ತರ್ತಾನೆ, ಇಂಜಿನ್ನೂ ವಾಪಸ್, ಹತ್ತು ದಿನದಲ್ಲಿ ನಿನ್ನ ಕಾರಿಗೆ. ರುಫೀನೊ ವಾಪಸ್ ಬರ್ತಾನೆ ಅಂತ ಏನು ಗ್ಯಾರಂಟಿ? ಅವನನ್ನೇ ಕೇಳಿದೆ ಅಣ್ಣ, ಈ ವಯಸ್ಸಿಗೆ ಅಲ್ಲೋಗಿ ಏನ್ ಮಾಡ್ಲಿ ಬಡ್ಡಿಮಗ್ನೇ, ಇಂಗ್ಲಿಷಲ್ಲಿ ಮೀನ್ ಹಿಡೀಲಾ ಅಂದ – ಚುಟ್ಟಾ ಕಚ್ಚಿದ ಹಾಗೆ ಹಲ್ಲು ಕಚ್ಚಿ ಅವನ ಹಾಗೇ ಹೇಳಿದ, ನಾನು ನಕ್ಕೆ, ನಗುತ್ತಲೇ ಹೇಳಿದೆ, ಆ ಎಂಟನೇದು ಬರಲ್ಲ ಕಣೊ. ಯಾಕೆ? ತಲೆ ಪೂರ್ತಿ ಬೋಳಾಗಿದೆ, ಮೊನ್ನೆ ಕ್ಲಚ್ಚಿಗೆ ಅಂತ ಬಿಚ್ಚೋಕೆ ಹೋಗಿ ನೋಡ್ದೆ, ಡ್ರಿಲ್ ಮಾಡ್ಬೇಕು, ಡ್ರಿಲ್ಲಿನ ಬಿಟ್ ಇಲ್ಲ. ನೋಡಿರಲಿಲ್ಲ. ಮುಟ್ಟಿಯೂ ಇರಲಿಲ್ಲ. ಭಾನುವಾರ ಈ ಬೋಲ್ಟಿಗೆ ಆರು ಮೂಲೆಯೂ ಇದ್ದವು, ಅಪ್ಪನ ಸ್ಪ್ಯಾನರ್ ಅಡುಗೆಮನೆಯ ಮೊಳೆಗೆ ನೇತಾಡುತ್ತಿತ್ತು, ಐದು ನಿಮಿಷದ ಕೆಲಸ. ಅವನು ಬಗ್ಗಿ ಸಂದಿಯೊಳಗೆ ಕೈ ಹಾಕಲು ಹೋದ, ಬೆರಳು ತಾಗಿದ್ದರೆ ಮೂಲೆಗಳು ಸಿಗುತ್ತಿದ್ದವು, ಬೇಡ, ಕೈ ಕೊಯ್ಕೊಳತ್ತೆ, ತಗಡು ಚೂಪಾಗಿದೆ ಅಂದೆ ನಾನು, ಶಾಲೆಯ ದನಿಯಲ್ಲಿ. ಕೈ ಹೊರಗೆ ತೆಗೆದ. ಹೌದಾ ಅಂದ. ನನ್ನ ಮಾತನ್ನು ಪರೀಕ್ಷೆ ಮಾಡುವುದನ್ನು ನಾನು ಅವನಿಗೆ ಕಲಿಸಿರಲಿಲ್ಲ. ಇಂಜಿನ್ ಇಲ್ಲದಿದ್ದರೆ ಹೋಗುವುದಿಲ್ಲ ಅಂದುಕೊಂಡೆ, ಅಷ್ಟೇ, ಹೋಗಬೇಡ ಅಂತ ಬಾಯಿಬಿಟ್ಟು ಹೇಳಲು ಆಗಲಿಲ್ಲ, ಆ ಮಾತನ್ನು ಬೋಲ್ಟಿನ ಕೈಲಿ ಹೇಳಿಸಿದೆ. ಎಲ್ಲರ ದನಿಯಲ್ಲೂ ಮಾತಾಡಬಲ್ಲವನಿಗೆ ಅವತ್ತು ತನ್ನದೊಂದು ದನಿ ಸಿಗಲಿಲ್ಲ. ಅವನು ಎರಡು ಹುಟ್ಟು ಕೆತ್ತಿಕೊಂಡ. ಇವತ್ತು ಬೆಳಗ್ಗೆ ಚರಕ್ ಅಂದಾಗ ನನಗೆ ಮೊದಲು ಬಂದದ್ದು ಏನು, ಹೇಳು, ಇಲ್ಲಿ ಯಾರೂ ಕೇಳುತ್ತಿಲ್ಲ, ಒಂದು ಕ್ಷಣ, ಅರೆಕ್ಷಣ, ಸದ್ಯ ಸುಳ್ಳಾಡಿದ ಹಾಗಾಗಲಿಲ್ಲ ಅಂತ.

ಕಾಮ್ರೇಡ್ ಎವೆಲಿಯೊ. ಸರ್ಕಾರಕ್ಕೆ ವರದಿ ಮಾಡುವ ಬೀದಿಯ ಕಾವಲು ಸಮಿತಿಯ ಹೊರ್ತೆನ್ಸಿಯಾ, ಬೇಲಿಯ ಆಚೆ ಕೊಡೆ ಹಿಡಿದು, ಸಭೆಯ ದನಿ. ಇಂಜಿನ್ ಯಾವ ಉದ್ದೇಶಕ್ಕೆ ತೆಗೀತಾ ಇದೀರಿ ಅಂತ ಕೇಳಬಹುದಾ, ಕೇಳ್ತಾ ಇಲ್ಲ, ಕೇಳಬಹುದಾ ಅಂತ ಕೇಳ್ತಾ ಇದೀನಿ. ಸರ್ವಿಸಿಗೆ ಅಂದೆ. ಸರ್ವಿಸಿಗೆ ಅಂತ ಬರ್ಕೋತೀನಿ. ಆಮೇಲೆ ಬೇಲಿಗೆ ಹತ್ತಿರ ಬಂದಳು, ಕೊಡೆಯನ್ನು ರಸ್ತೆಯ ಕಡೆಗೆ ವಾಲಿಸಿದಳು, ಅವಳಿಗೆ ಇನ್ನೊಂದು ದನಿಯಿದೆ ಅಂತ ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ, ತಗ್ಗಿದ, ಒರಟಾದ, ನಿದ್ದೆಗೆಟ್ಟ ದನಿ – ತಗೊ, ನಮ್ಮನೆಯವ್ರದ್ದು, ಪೆಟ್ಟಿಗೇಲಿ ಇತ್ತು, ಇದನ್ನ ನಾನು ಕೊಟ್ಟಿಲ್ಲ, ನೀನು ತಗೊಂಡಿಲ್ಲ. ಹಳೆಯ ಪತ್ರಿಕೆಯಲ್ಲಿ ಸುತ್ತಿದ ಗರಗಸದ ಬ್ಲೇಡು, ಅರ್ಧ ತುಂಡು, ಹಲ್ಲುಗಳಿನ್ನೂ ಇವೆ. ನಮ್ಮುಡುಗ ಈಜ್ತಾನಲ್ವಾ? ಈಜ್ತಾನೆ. ಎತ್ಕೊಂಡಿರ್ತಾರೆ ಬಿಡು, ಅಮೆರಿಕದವ್ರ ಹಡಗು ಸಾಲಾಗಿ ನಿಂತಿವೆಯಂತೆ, ಎತ್ಕೊಂಡು ಗ್ವಾಂಟಾನಮೊದ ಅವ್ರ ಕ್ಯಾಂಪಿಗೆ ಹಾಕಿರ್ತಾರೆ, ಅಲ್ಲಿ ಊಟ ಕೊಡ್ತಾರಂತೆ, ಅಂದವಳು ತನ್ನ ಮಾತಿಗೆ ತಾನೇ ಬೆಚ್ಚಿ ಕೊಡೆ ನೇರ ಮಾಡಿಕೊಂಡು ಹೋದಳು. ಹನ್ನೆರಡು ಗಂಟೆ. ಬ್ಲೇಡಿನ ಒಂದು ತುದಿಗೆ ಬನಿಯನ್ನಿನ ಬಟ್ಟೆ ಸುತ್ತಿದೆ, ತಲೆಗೂ ತಟ್ಟೆಗೂ ನಡುವೆ ಇರುವುದು ಒಂದು ವಾಷರಿನ ದಪ್ಪ, ಅಲ್ಲಿ ತೂರಿಸಿ ಬೋಲ್ಟಿನ ಕತ್ತನ್ನೇ ಕೊಯ್ದರೆ ಆಯಿತು, ತಲೆ ಬಿದ್ದರೆ ಇಂಜಿನ್ ತಾನಾಗಿ ಮುಂದಕ್ಕೆ ಬರುತ್ತದೆ. ಕೊಯ್ಯುತ್ತಿದೆ. ನಿಜವಾಗಿ ಕೊಯ್ಯುತ್ತಿದೆ, ಕಬ್ಬಿಣದ ಹುಡಿ ಬೆರಳಿಗೆ ತಾಗುತ್ತಿದೆ, ಬಿಸಿ, ನಯ, ಮೀನಿನ ಹೊಳಪಿನದು, ಒಂದು ಸಲಕ್ಕೆ ಎರಡು ಬೆರಳಿನಷ್ಟು ದೂರ ಹಿಂದಕ್ಕೆ ಮುಂದಕ್ಕೆ, ಹುಟ್ಟು ಹಾಕಿದ ಹಾಗೆ, ಅವನೂ ಹೀಗೇ ಎಣಿಸುತ್ತಿದ್ದಿರಬೇಕು, ನೂರು, ಇನ್ನೂರು, ಎಷ್ಟು ಎಣಿಸಿದರೂ ದಡ ಅಲ್ಲೇ. ಅಮ್ಮಾ, ಬರ್ತಾ ಇದೆ ಅಂತ ಕೂಗಿಬಿಟ್ಟೆ. ಯಾಕೆ ಕೂಗಿದೆ. ತೂಗುಕುರ್ಚಿಯ ಸದ್ದು ನಿಂತಿತು, ರೇಡಿಯೊದ ಸದ್ದು ತಗ್ಗಿತು, ಅವಳು ಎದ್ದು ಮೆಟ್ಟಿಲ ಹತ್ತಿರ ನಿಂತಳು, ಎಡಗೈಯಲ್ಲಿ ಕಂಬ, ಬಲಗೈಯಲ್ಲಿ ರೇಡಿಯೊ, ಅವಳು ನಿಂತದ್ದು ಬೆನ್ನಿಗೇ ತಿಳಿಯುತ್ತದೆ. ಮುನ್ನೂರ ಹನ್ನೊಂದು, ಮುನ್ನೂರ ಹನ್ನೆರಡು, ಟಿಣ್ ಅಂದಿತು. ಬ್ಲೇಡು ತುಂಡಾಯಿತು, ತುಂಡಾದ ಭಾಗ ಕೊಯ್ದ ಗೆರೆಯೊಳಗೇ ಕಚ್ಚಿಕೊಂಡು ಕೂತಿತು, ಇಕ್ಕಳಕ್ಕೆ ಸಿಗದಷ್ಟು ಒಳಗೆ, ಇನ್ನು ಬೇರೆ ಬ್ಲೇಡು ಬಂದರೂ ಹೋಗಲು ದಾರಿಯಿಲ್ಲ. ಏನಾಯ್ತೋ? ಏನಿಲ್ಲಮ್ಮ. ತೂಗುಕುರ್ಚಿ ಮತ್ತೆ ಕಿರುಗುಟ್ಟತೊಡಗಿತು, ನಿಧಾನವಾಗಿ, ಮೊದಲಿಗಿಂತ ನಿಧಾನವಾಗಿ.

ಚಾಣ. ಚಾಣ ಇಟ್ಟು ಓರೆಯಾಗಿ ಹೊಡೆ, ತಲೆಯ ಅಂಚಿಗೆ, ತಿರುಗುವ ದಿಕ್ಕಿಗೆ. ಸುತ್ತಿಗೆ ಬೀಸಲು ಒಂದು ಗೇಣು ಜಾಗವಿಲ್ಲ, ಬೀಸುವುದಲ್ಲ, ಕುಟ್ಟುವುದು, ಅಮ್ಮ ಬೆಳ್ಳುಳ್ಳಿ ಕುಟ್ಟುತ್ತಿದ್ದ ಹಾಗೆ, ಬೆಳ್ಳುಳ್ಳಿ ಸಿಗುತ್ತಿದ್ದಾಗ. ಒಂದು ಏಟಿಗೆ ಇಡೀ ಇಂಜಿನ್ ಸರಪಳಿಯಲ್ಲಿ ತೂಗುತ್ತದೆ, ಏಳು ಕಡೆ ಬಿಟ್ಟುಕೊಂಡು ಒಂದೇ ಕಡೆ ಹಿಡಿದುಕೊಂಡು, ಮೇಲಿನ ಕೊಂಬೆ ನರಳುತ್ತದೆ, ಬಲಿಯದ ಬೆಣ್ಣೆಹಣ್ಣೊಂದು ಕಾರಿನ ನೆತ್ತಿಗೆ ಬಿತ್ತು, ಅಮ್ಮ ನೋಡಿದರೆ ಸಾರಿಗೆ ಹಾಕುತ್ತಾಳೆ. ಮೊನ್ನೆ ಬುಧವಾರ ಸಂಜೆ ನಾನೇ ದಂಡೆಗೆ ಇಳಿದು ಹೋದೆ, ಬೈಯಲು ಹೋದೆ, ಹಾಗೆ ಅಂದುಕೊಂಡೇ ಹೋದೆ. ಕೋಟೆಯ ಗೋಡೆಯ ಕೆಳಗೆ ಕಲ್ಲಿನ ಮೇಲೆ ಓಸ್ಮಾನಿ ಕೂತಿದ್ದ, ಬೆರ್ತೊ ಅವನ ತಲೆ ಬೋಳಿಸುತ್ತಿದ್ದ, ರೆಗ್ಲಾದ ತಾಯಿಗೆ ಹರಕೆ, ಕೂದಲು ಅವಳಿಗೆ, ಕಡಲು ಅವಳದು. ಬಾ ಪ್ರೊಫೆ, ನೋಡು, ನಿನ್ನ ಬೋಲ್ಟಿನ ಹಾಗೇ ಆದೆ ಅಂದ, ತಲೆ ಸವರಿಕೊಂಡು, ಯಾರೂ ಇನ್ನು ಹಿಡಿಯಕ್ಕಾಗಲ್ಲ. ದಂಡೆಯವರು ನಕ್ಕರು, ನಾನೂ ನಕ್ಕೆ. ಆಗ ಹೇಳಬಹುದಿತ್ತು. ಇಲ್ಲ ಕಣೊ, ಮೂಲೆಗಳಿವೆ, ಬಾ ಬಿಚ್ಚೋಣ, ಇವತ್ತೇ ಬಿಚ್ಚೋಣ, ಇಷ್ಟೇ, ಒಂದು ಉಸಿರಿನ ಮಾತು. ಹೇಳಲಿಲ್ಲ, ಜೇಬಿಗೆ ಕೈ ಹಾಕಿ ಅಪ್ಪನ ಅರ್ಧ ಇಂಚಿನ ಸ್ಪ್ಯಾನರ್ ತೆಗೆದು ಕೊಟ್ಟೆ, ಮಂಚದ ಬೋಲ್ಟು ಅಮೆರಿಕದ್ದೇ, ಅಲೆಗೆ ಸಡಿಲ ಆದ್ರೆ ಬೇಕಾಗತ್ತೆ ಅಂದೆ. ಇಂಜಿನ್ ಕೇಳಿದವನಿಗೆ ಸ್ಪ್ಯಾನರ್ ಕೊಟ್ಟೆ. ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ, ಯಾರ ದನಿಯನ್ನೂ ಅನುಕರಿಸಲಿಲ್ಲ, ಹಸಿರು ನೈಲಾನ್ ದಾರ ತೆಗೆದು ಒಂದು ತುದಿ ಸ್ಪ್ಯಾನರಿಗೆ, ಇನ್ನೊಂದು ತುದಿಯಲ್ಲಿ ಮಣಿಕಟ್ಟಿಗೆ ಕುಣಿಕೆ, ಅಪ್ಪ ಹಡಗುಕಟ್ಟೆಯಲ್ಲಿ ಮಾಡುತ್ತಿದ್ದ ಹಾಗೇ, ನೀರಿನ ಮೇಲೆ ಕೆಲಸ ಮಾಡೋನು ಹತಾರ ಕೈಗೆ ಕಟ್ಕೊಂಡಿರಬೇಕು, ಒಂದು ಸಲ ಜಾರಿದ್ರೆ ಅದು ನಿಂದಲ್ಲ ಅಂತ ಅಪ್ಪ ಹೇಳುತ್ತಿದ್ದ, ಓಸ್ಮಾನಿ ಹುಟ್ಟುವ ಮೊದಲೇ ನನಗೆ ಹೇಳಿದ್ದು, ನಾನು ಅವನಿಗೆ ಹೇಳಿಕೊಟ್ಟದ್ದು. ನಿನ್ನೆ ಬೆಳಗ್ಗೆ ಹೋಗುವಾಗ ತಿರುಗಿ ನೋಡಲಿಲ್ಲ, ತಿರುಗಿದರೆ ಹುಟ್ಟಿನ ತಾಳ ತಪ್ಪುತ್ತದೆ, ಅವನ ಬೆನ್ನು, ಬೆನ್ನಿನ ಮೇಲೆ ಆ ತಲೆ, ಹೊಸ ಬಿಸಿಲಿಗೆ ಒದ್ದೆಯಾಗಿ ಮಿಂಚುತ್ತ, ಅಲೆ ಎದ್ದಾಗ ಇಲ್ಲ, ಅಲೆ ಇಳಿದಾಗ ಇದೆ, ಕಿತ್ತಳೆಯಷ್ಟು, ನಿಂಬೆಯಷ್ಟು, ಕೊನೆಗೆ ಬೋಲ್ಟಿನ ತಲೆಯಷ್ಟು, ಇದೆ, ಇಲ್ಲ, ಇದೆ.

ಒಂದೂ ಮುಕ್ಕಾಲು. ಚಾಣದ ತುದಿ ಮೊಂಡಾಗಿದೆ, ಬೋಲ್ಟಿನ ತಲೆ ಸುತ್ತ ಗಾಯ, ಆದರೂ ಗುಂಡಗೆ, ಹೊಡೆದಷ್ಟೂ ಹೆಚ್ಚು ಗುಂಡಗೆ. ಸೂರ್ಯ ಕೊಂಬೆಯಿಂದ ಕೆಳಗೆ ಸರಿದು ಬಿಸಿಲಿನ ಒಂದು ಕಡ್ಡಿ ಇಂಜಿನ್ನಿನ ಹಿಂದೆ ತೂರಿ ಬಂದಿದೆ, ಇಷ್ಟು ಹೊತ್ತು ಬರದಿದ್ದದ್ದು ಈಗ ಬಂದು ನೇರವಾಗಿ ಅದರ ಮೇಲೆಯೇ ಕೂತಿದೆ, ಇನ್ನು ಟಾರ್ಚು ಬೇಡ. ಹೆಜ್ಜೆ ಸದ್ದು. ರುಫೀನೊನ ರಬ್ಬರ್ ಬೂಟು. ಇನ್ನು ಹದಿನೈದು ನಿಮಿಷ ತಾತ, ಒಂದು ಬದಿ ಸ್ವಲ್ಪ ಅಲ್ಲಾಡ್ತಿದೆ, ಅಲ್ಲಾಡಿದ ಹಾಗೆ ಆಯ್ತು ಅಂದೆ, ತಲೆ ಎತ್ತದೆ, ಎತ್ತಬಾರದು, ಎತ್ತಿದರೆ ಮುಗಿಯಿತು. ಪ್ರೊಫೆ, ಕೆಳಗಿಳೀರಿ. ಹದಿನೈದೇ ನಿಮಿಷ. ಇಳೀರಿ ಅಂದ್ನಲ್ಲ ಪ್ರೊಫೆ. ಆ ಮಾತು ಪೂರ್ತಿಯಾಗಿ ಕೇಳಿಸಿತು, ಒಂದಕ್ಷರವೂ ಸುಡದೆ, ಅದಕ್ಕೇ ತಲೆ ಎತ್ತಿದೆ, ಚುಟ್ಟಾ ಅವನ ಬಾಯಲ್ಲಿಲ್ಲ, ಕೈಯಲ್ಲಿದೆ, ಆರಿಹೋಗಿದೆ, ಚುಟ್ಟಾ ಇಲ್ಲದ ಅವನ ಬಾಯಿ ಎಷ್ಟು ಚಿಕ್ಕದು, ಅನುಕರಿಸಲು ಅದರಲ್ಲಿ ಏನೂ ಇಲ್ಲ. ಗ್ವಾನಾಬೊ ದಂಡೆಗೆ ಟ್ಯೂಬು ಬಂತು ಪ್ರೊಫೆ, ನನ್ನಳಿಯ ಈಗ ಸೈಕಲಲ್ಲಿ ಬಂದ. ಟ್ಯೂಬು ಮಾತ್ರಾನಾ? ಟ್ಯೂಬಿನ ಹಗ್ಗದೊಳಗೆ ಇದು ಸಿಕ್ಕಾಕ್ಕೊಂಡಿತ್ತು. ಅಂಗೈ ತೆರೆದ. ಅಪ್ಪನ ಸ್ಪ್ಯಾನರು, ಹಸಿರು ದಾರ, ದಾರದ ತುದಿಯಲ್ಲಿ ಕುಣಿಕೆ, ಗಂಟು ಬಿಚ್ಚಿಲ್ಲ, ದಾರ ಕಡಿದಿಲ್ಲ, ಮಣಿಕಟ್ಟಿನಷ್ಟೇ ಗುಂಡಗೆ, ಒಳಗೆ ಏನೂ ಇಲ್ಲದೆ. ಹೊಳೆ ಮೂಡಕ್ಕೆ ತಿರುಗಿದೆ ಅಂದ, ಇನ್ನು ಇಂಜಿನ್ ಬಂದರೂ ಸಿಗಾಕಿಲ್ಲ ಅಂದ. ಯಾರು ಬಂದದ್ದು ಎವೆಲಿಯೊ, ಅಮ್ಮ ಕೇಳಿದಳು, ವರಾಂಡದಿಂದ. ರುಫೀನೊ ತಾತ ಅಮ್ಮ. ಏನಂತೆ? ರೇಡಿಯೊದ ಹೆಂಗಸು ಇನ್ನೂ ಓದುತ್ತಿದ್ದಾಳೆ, ಸೆಲ್ಲು ತಣ್ಣಗಾಗಿ ಅವಳ ದನಿ ಒಡೆದು ಸಣ್ಣಗಾಗಿದೆ, ಸಿಕ್ಕ ಪ್ರಕಾರ, ಸಿಕ್ಕ ಪ್ರಕಾರ. ಏನಿಲ್ಲಮ್ಮ, ಸ್ಪ್ಯಾನರ್ ತಂದ್ಕೊಟ್ಟ. ಅಪ್ಪಂದಾ? ಹೂಂ, ಅಪ್ಪಂದು. ಹಂಗಾದ್ರೆ ಬರತ್ತೆ ಬಿಡು. ಹೂಂ. ರುಫೀನೊ ನೆಲ ನೋಡುತ್ತಿದ್ದಾನೆ. ಮಡ್‌ಗಾರ್ಡಿನ ಮೇಲೆ ಹೊಟ್ಟೆ ಊರಿದೆ, ಕುಣಿಕೆಯನ್ನು ಮಣಿಕಟ್ಟಿಗೆ ಹಾಕಿಕೊಂಡೆ, ನನಗೂ ಸರಿಯಾಗಿ ಆಗುತ್ತದೆ, ಕೈ ಸಂದಿಯೊಳಗೆ ಹೋಯಿತು, ಅರ್ಧ ಇಂಚಿಗೆ ಅರ್ಧ ಇಂಚು, ಕೂದಲೆಳೆಯ ವ್ಯತ್ಯಾಸವೂ ಇಲ್ಲದ ಸ್ಪ್ಯಾನರು, ಸುತ್ತಿಗೆ ಬೇಡ, ಏಟು ಬೇಡ, ತಾನಾಗಿ ಹೋಗಿ ತಲೆಯ ಮೇಲೆ ಕೂತಿತು, ಎಳೆದೆ, ಬಂತು, ಎಷ್ಟು ಸುಲಭವಾಗಿ ಬಂತು, ಸ್ಪ್ಯಾನರ್ ಸುತ್ತು ಬಂತು, ತಲೆ ಅಲ್ಲೇ ಇದೆ, ಇನ್ನೊಂದು ಸುತ್ತು, ಹಿಡಿಯುವುದಿಲ್ಲ, ಬಿಸಿಲಿನಲ್ಲಿ ಒದ್ದೆಯಾಗಿ, ಗುಂಡಗೆ, ಮಿಂಚುತ್ತ, ಸುತ್ತು ಬರುತ್ತದೆ, ಹಿಡಿಯುವುದಿಲ್ಲ, ಸುತ್ತು ಬರುತ್ತದೆ, ಇದೆ, ಹಿಡಿಯುವುದಿಲ್ಲ, ಇದೆ